ಹೆಬ್ಬೆರಳಿನ ಪ್ರಸಂಗ

…ಇಲ್ಲ, ಚಪ್ಪಾಳೆ ಬಿದ್ದದ್ದು ಮೊದಲನೇ ಸಲ ಅಲ್ಲ, ಎರಡನೇ ಸಲ ಇರಬೇಕು. ಅಥವಾ ಬಿದ್ದೇ ಇರಲಿಲ್ಲವೇನೋ. ಈ ಕತೆಯನ್ನು ಕೊಪ್ಪದ ಹೋಟೆಲುಗಳಲ್ಲಿ ಹೇಳಿ ಹೇಳಿ ನಾನೇ ಸೇರಿಸಿಕೊಂಡಿರಬಹುದು. ಕೇಳುವವರು ನಗುವ ಜಾಗದಲ್ಲಿ ನೆನಪು ತಾನಾಗಿ ದಪ್ಪವಾಗುತ್ತದೆ. ಖಚಿತವಾಗಿ ಹೇಳಬಹುದಾದದ್ದು ಇಷ್ಟು: ನನ್ನ ಸೋದರಮಾವನ ಬಲಗಾಲಿನ ಹೆಬ್ಬೆರಳು ಸಕ್ಕರೆ ಕಾಯಿಲೆಯಿಂದ ಕಪ್ಪಾಗಿತ್ತು. ಬೆರಳು ತೆಗೆಸದಿದ್ದರೆ ಕಾಲೇ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಮಾವ ಒಪ್ಪಿರಲಿಲ್ಲ. ಅವರನ್ನು ಒಪ್ಪಿಸಲು ಒಬ್ಬ ಹುಡುಗಿಯನ್ನು ಕಳಿಸಲಾಗಿತ್ತು.

ಹುಡುಗಿ ನರಸಿಂಹರಾಜಪುರದ ಕಡೆ ಸೀತೂರಿನವಳು. ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವ ಸಂಸ್ಥೆಯೊಂದಕ್ಕೆ ಹೊಸದಾಗಿ ಸೇರಿದ್ದಳು. ಆ ಸಂಸ್ಥೆ ಕೊಪ್ಪದಲ್ಲಿ ನಡೆಸಿದ ‘ಪರಿಣಾಮಕಾರಿ ಸಂವಹನ ಕೌಶಲ’ದ ತರಬೇತಿಯಲ್ಲಿ ನಾನೂ ಇದ್ದೆ. ಕಲಿಯಲಿಕ್ಕಲ್ಲ, ದೂರದ ನಗರದಿಂದ ಬಂದ ತರಬೇತುದಾರರ ಇಂಗ್ಲಿಷನ್ನು ಕನ್ನಡ ಮಾಡಲಿಕ್ಕೆ. ರೋಗಿಯ ಕಣ್ಣು ನೋಡಿ ಮಾತಾಡಿ. ಅವರು ಮಾತಾಡುವಾಗ ತಲೆಯಾಡಿಸಿ. ಅವರು ಹೇಳಿದ್ದನ್ನೇ ನಿಮ್ಮ ಮಾತಿನಲ್ಲಿ ತಿರುಗಿ ಹೇಳಿ. ಇಷ್ಟು ಹೇಳಲು ಅವರಿಗೆ ಬೆಳಗಿನಿಂದ ಮಧ್ಯಾಹ್ನದವರೆಗೆ ಹಿಡಿಯಿತು. ಅಷ್ಟೂ ಹೊತ್ತು ಅವರು ನೋಡುತ್ತಿದ್ದದ್ದು ಗೋಡೆಯ ಮೇಲಿನ ಪರದೆಯನ್ನು. ಆಮೇಲೆ ಅಭಿನಯ. ಅರ್ಧ ಜನ ರೋಗಿಗಳು, ಅರ್ಧ ಜನ ಕಾರ್ಯಕರ್ತರು. ಹೊರಗಿನಿಂದ ಸಾಂಬಾರಿನ ವಾಸನೆ ಬರತೊಡಗಿದ್ದರಿಂದ ರೋಗಿಗಳೆಲ್ಲ ಬೇಗ ಬೇಗ ಶಸ್ತ್ರಚಿಕಿತ್ಸೆಗೆ ಒಪ್ಪಿಕೊಂಡರು. ತರಬೇತಿ ಯಶಸ್ವಿಯಾಯಿತು.

ಮಾವನಿಗೆ ಅಂಥ ಆತುರವಿರಲಿಲ್ಲ. ಅವರು ಮೇಗುಂದದ ಸುತ್ತಿನಲ್ಲಿ ಹೆಸರಾದ ತಾಳಮದ್ದಳೆಯ ಅರ್ಥಧಾರಿ. ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹೇಳಿದ ಮೇಲೆ ಕುಳಿತಲ್ಲೇ ಪಾತ್ರವಾಗಿ ಎದುರಿನವರ ಜೊತೆ ವಾದಕ್ಕಿಳಿಯಬೇಕು. ಆ ಮಾತಿಗೇ ಅರ್ಥ ಎನ್ನುವುದು. ಕತೆಯ ಪ್ರಕಾರ ಸೋಲಬೇಕಾದ ಪಾತ್ರ ಕೊಟ್ಟರೂ ಮಾವ ಸೋಲುತ್ತಿರಲಿಲ್ಲ. ಕೊನೆಗೆ ಭಾಗವತರೇ ಮಂಗಳ ಹಾಡಿ ಅವರನ್ನು ಎಬ್ಬಿಸಬೇಕಾಗುತ್ತಿತ್ತು. ಇಂಥವರ ಎದುರು ಕೂತು ಹುಡುಗಿ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು.

“ಅಜ್ಜಾ, ನಿಮ್ಗೆ ಹೇಗನ್ನಿಸ್ತಾ ಇದೆ ಹೇಳಿ.”

“ಅದಿರ್ಲಿ ಕೂಸೆ. ಬೆರಳು ತೆಗೀಬೇಕು ಅಂದಿದ್ದು ಯಾರು?”

“ಡಾಕ್ಟ್ರು.”

“ಅವ್ರು ನನ್ನ ಕಾಲು ನೋಡಿದ್ರಾ, ಕಂಪ್ಯೂಟರ್ ನೋಡಿದ್ರಾ?”

ಹುಡುಗಿ ಸುಳ್ಳು ಹೇಳುವವಳಲ್ಲ. “ಜಾಸ್ತಿ ಹೊತ್ತು ಕಂಪ್ಯೂಟರ್ರೇ…”

“ಹಾಂ! ಹಾಗಾದ್ರೆ ಅದ್ರದ್ದೇ ಎಂತಾದ್ರೂ ತೆಗೀಲಿ. ಕಾಲು ನೋಡದವ್ರಿಗೆ ಕಾಲಿನ ಮೇಲೆ ಎಂತ ಅಧಿಕಾರ?”

ಅವಳು ತಲೆಯಾಡಿಸಿದಳು. ಕಲಿಸಿದಂತೆ ತಿರುಗಿ ಹೇಳಿದಳು: “ಅಂದ್ರೆ, ಡಾಕ್ಟ್ರು ಸರಿಯಾಗಿ ನೋಡ್ಲಿಲ್ಲ ಅಂತ ನಿಮ್ಗೆ ಬೇಜಾರಾಗಿದೆ.”

“ನೋಡಿ, ನೋಡಿ!” ಮಾವ ಅಲ್ಲೇ ಕೂತಿದ್ದ ಪಕ್ಕದ ಮನೆಯ ಮದ್ದಳೆಗಾರರತ್ತ ತಿರುಗಿದರು. “ಎದುರು ಪಕ್ಷದವ್ರೇ ಒಪ್ಪಿದ್ರು. ಇನ್ನೆಂತ ವಾದ ಮಾರಾಯ್ರೆ?”

ಸುದ್ದಿ ಹಬ್ಬಿತು. ಮುಂದಿನ ಸಲ ಅವಳು ಬರುವ ಹೊತ್ತಿಗೆ ಜಗಲಿಯಲ್ಲಿ ಕೇಳುಗರು ಸೇರಿದ್ದರು. ಯಾರೋ ಎಲೆಯಡಕೆಯ ಕವಳದ ತಟ್ಟೆ ತಂದು ನಡುವೆ ಇಟ್ಟಿದ್ದರು. ರೋಗಿಯ ಖಾಸಗಿತನ ಕಾಪಾಡಿ ಎಂಬ ಮಾತನ್ನು ಕನ್ನಡ ಮಾಡಿದ್ದ ನಾನೂ ಕವಳ ಹಾಕಿಕೊಂಡು ಕೂತೆ. ಹುಡುಗಿ ಈ ಸಲ ತಯಾರಾಗಿ ಬಂದಿದ್ದಳು.

“ಅಜ್ಜಾ, ಅಡಕೆಗೆ ಕೊಳೆ ಬಂದ್ರೆ ಎಂತ ಮಾಡ್ತೀರಿ? ಕೊಳೆತ ಗೊನೆ ತೆಗೆದು ಹಾಕೂದಿಲ್ವಾ, ಉಳಿದದ್ದಾದ್ರೂ ಉಳೀಲಿ ಅಂತ?”

ಜಗಲಿಯಲ್ಲಿ “ಓಹೋ” ಎಂಬ ಸದ್ದಾಯಿತು. ಮಾವನ ಮುಖ ಅರಳಿತು. ಅಂತೂ ಒಬ್ಬ ಎದುರಾಳಿ ಸಿಕ್ಕಿದ್ದಳು.

“ತೆಗೀತೇವೆ. ಆದ್ರೆ ಯಾರು ತೆಗೆಯೂದು? ಬೆಳೆದವ್ನು. ಬೇರೆಯವ್ರು ಬಂದು ತೆಗೆದ್ರೆ ಅದಕ್ಕೆ ಕಳ್ಳತನ ಅಂತಾರೆ ಕೂಸೆ. ಈ ಬೆರಳು ಬೆಳೆಸಿದ್ದು ನಾನು.”

ಚಪ್ಪಾಳೆ ಬಿದ್ದದ್ದು ಇಲ್ಲಿ, ಬಿದ್ದಿದ್ದರೆ. “ಎಂಥ ಅರ್ಥ ಮಾರಾಯ್ರೆ! ಇದನ್ನ ಮನೆ ಜಗಲೀಲಿ ಹೇಳೂದು ದಂಡ. ಕೊಪ್ಪದಲ್ಲಿ ಒಂದು ತಾಳಮದ್ದಳೆ ಕೂಟ ಇಡ್ಬೇಕು,” ಎಂದು ಮದ್ದಳೆಗಾರರು ತೊಡೆ ತಟ್ಟಿದರು. ಕೊಳೆಯುತ್ತಿರುವುದು ಅಡಕೆಯಲ್ಲ ಎಂಬುದು ನಮಗ್ಯಾರಿಗೂ ನೆನಪಿದ್ದಂತಿರಲಿಲ್ಲ.

ಅತ್ತೆಗೆ ನೆನಪಿತ್ತು. ದಿನಾ ಹುಣ್ಣು ತೊಳೆದು ಬಟ್ಟೆ ಕಟ್ಟುತ್ತಿದ್ದವರು ಅವರು. ಹುಡುಗಿಯನ್ನು ಅಡಿಗೆಮನೆಗೆ ಕರೆದು, “ಇನ್ನು ಬರ್ಬೇಡ ಮಾರಾಯ್ತಿ. ಗೆದ್ದ ದಿನ ಅವ್ರು ಕಾಫಿಗೆ ಸಕ್ಕರೆ ಹಾಕಿಸ್ಕೊಳ್ತಾರೆ,” ಅಂದರು.

ಅವಳು ಬರುವುದು ಬೇಡ ಎಂದು ಸಂಸ್ಥೆಗೂ ಅನ್ನಿಸಿತು, ಬೇರೆ ಕಾರಣಕ್ಕೆ. ಅವರ ಲೆಕ್ಕದಲ್ಲಿ ರೋಗಿ ಮನಬಿಚ್ಚಿ ಮಾತಾಡುತ್ತಾರೆ, ಕಾರ್ಯಕರ್ತೆ ಗಮನವಿಟ್ಟು ಕೇಳುತ್ತಾಳೆ, ನೆರೆಯವರೂ ಭಾಗವಹಿಸುತ್ತಾರೆ. ಇದಕ್ಕಿಂತ ಒಳ್ಳೆಯ ಸಂವಹನ ಇನ್ನೆಲ್ಲಿದೆ? ಅಲ್ಲಿಯ ಕೆಲಸ ಮುಗಿಯಿತೆಂದು ಅವಳನ್ನು ಬೇರೆ ಊರುಗಳಿಗೆ ಹಾಕಿದರು. ಬೆರಳೇನಾಯಿತು ಎಂದು ಯಾರೂ ಕೇಳಿದಂತಿಲ್ಲ.

ಮುಂದಿನದೆಲ್ಲ ಬೇಗ ನಡೆಯಿತು. ಮಾವನಿಗೆ ಜ್ವರ ಏರಿತು, ಮಾತು ತಡವರಿಸತೊಡಗಿತು. ಶಿವಮೊಗ್ಗದ ಆಸ್ಪತ್ರೆಯೊಂದಕ್ಕೆ ಕರೆದೊಯ್ದೆವು. ಅಲ್ಲಿಯ ಸರ್ಜನ್ನರಿಗೆ ಯಾವ ತರಬೇತುದಾರರೂ ಸಿಕ್ಕಿದ್ದಂತಿರಲಿಲ್ಲ. ಬಾಗಿಲಲ್ಲೇ ನಿಂತು, ಅತ್ತೆಯ ಮುಖ ನೋಡದೆ, “ಮಂಡಿ ಕೆಳಗೆ ತೆಗೀಬೇಕು. ಸೈನ್ ಮಾಡಿ,” ಎಂದರು. ಅತ್ತೆ ಮಾಡಿದರು. ಇಡೀ ಪ್ರಕರಣದಲ್ಲಿ ಪರಿಣಾಮಕಾರಿಯಾದ ಸಂವಹನ ಅದೊಂದೇ.

ಹುಡುಗಿ ಈಗ ಆ ಕೆಲಸದಲ್ಲಿಲ್ಲ. ಶೃಂಗೇರಿಯ ವಸತಿಗೃಹವೊಂದರ ಕೌಂಟರಿನಲ್ಲಿ ಕೂತು, ದೂರದಿಂದ ಬಂದ ಯಾತ್ರಿಕರಿಗೆ ರೂಮು ಖಾಲಿ ಇಲ್ಲ ಎಂದು ಹೇಳುತ್ತಾಳೆ. ಕೆಟ್ಟ ಸುದ್ದಿಯನ್ನು ಮೆಲ್ಲಗೆ ತಿಳಿಸುವ ಪಾಠ ಅಲ್ಲಿ ಬಹಳ ಉಪಯೋಗಕ್ಕೆ ಬರುತ್ತಿದೆಯಂತೆ. ಒಂದು ರಜೆಯ ದಿನ ಬಸ್ಸು ಹತ್ತಿ ಮಾವನನ್ನು ನೋಡಲು ಬಂದಳು. ಆಗ ನಾನಲ್ಲಿರಲಿಲ್ಲ. ಇದು ಅತ್ತೆ ಹೇಳಿದ್ದು, ಅವರೂ ಎರಡು ಸಲ ಎರಡು ಥರ ಹೇಳಿದ್ದಾರೆ. ಒಂದರಲ್ಲಿ ಮಾವ, “ನೀ ಸ್ವಲ್ಪ ಗಟ್ಟಿ ವಾದ ಮಾಡಿದ್ರೆ ನಾ ಒಪ್ತಿದ್ದೆ ಕೂಸೆ,” ಎಂದರು. ಇನ್ನೊಂದರಲ್ಲಿ, “ನೀ ಒಂದ್ಸಲ ಬೈದಿದ್ರೆ ಒಪ್ತಿದ್ದೆ.”

ಮೊದಲು ಕೇಳಿದಾಗ ನನಗೆ ಸಿಟ್ಟು ಬಂತು. ಕಾಲು ಹೋದದ್ದು ಇವರದು, ತಪ್ಪು ಮಾತ್ರ ಅವಳದು! ಆಮೇಲೆ ಆ ಸಿಟ್ಟು ಹಾಗೇ ಉಳಿಯಲಿಲ್ಲ. ಯಾರಾದರೂ ತಮ್ಮನ್ನು ಸೋಲಿಸಲಿ ಎಂದು ಮಾವ ನಿಜಕ್ಕೂ ಕಾಯುತ್ತಿದ್ದರೋ, ಹೆದರಿಕೆಗೆ ಅಷ್ಟೂ ಮಾತು ಹೊದಿಸಿ ಕೂತಿದ್ದರೋ, ಅಥವಾ ಇದೂ ವಾದದಲ್ಲಿ ಅವರು ಹಾಕಿದ ಇನ್ನೊಂದು ಪಟ್ಟೋ? ಹೋಗಿ ಕೇಳಬಹುದು. ಉತ್ತರ ಕೊಡುತ್ತಾರೆ, ಚೆನ್ನಾಗಿಯೇ ಕೊಡುತ್ತಾರೆ. ಆ ಉತ್ತರ ನಿಜವೋ ಅಲ್ಲವೋ ಎಂದು ತಿಳಿಯುವ ದಾರಿ ನನಗೆ ಗೊತ್ತಿಲ್ಲ. ಹುಡುಗಿ ಅದಕ್ಕೆ ಏನೆಂದಳೋ ಅದೂ ಗೊತ್ತಿಲ್ಲ. ಅತ್ತೆ ಅಷ್ಟು ಹೊತ್ತಿಗೆ ಒಳಗೆ ಹೋಗಿದ್ದರು.