ಮೇಷ್ಟ್ರ ಎರಡು ಕುಟ್ಟು

ಇವತ್ತು ಬೆಳಿಗ್ಗೆ ರಾಮಕೃಷ್ಣನಗರದ ನನ್ನ ಟ್ಯೂಷನ್ ಕೋಣೆಯಲ್ಲಿ ಚಾಕ್‌ಪೀಸಿನ ಹೊಸ ಪೆಟ್ಟಿಗೆ ಬಿಚ್ಚಿದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕೈ ನನ್ನನ್ನು ಕೇಳದೆ ಬೋರ್ಡಿಗೆ ಕುಟ್ಟಿತು. ಟಕ್, ಟಕ್. ಅದು ಮೇಷ್ಟ್ರ ಕುಟ್ಟು.

ಮೇಷ್ಟ್ರು ಅಂದರೆ ಅಗ್ರಹಾರದ ತಮ್ಮ ಪಡಸಾಲೆಯಲ್ಲಿ ನಮಗೆ ಬಿ.ಎಸ್ಸಿ. ಗಣಿತ ಹೇಳಿಕೊಡುತ್ತಿದ್ದವರು. ನನಗೋ ಗಣಿತಕ್ಕಿಂತ ಅವರ ಗಂಟಲಿನ ಮೇಲೆ ಕಣ್ಣು. ಹಾಲಿನವರು, ಚರ್ಚಿನ ಫಾದರ್, ನಮ್ಮ ಸೋದರತ್ತೆ, ಯಾರ ದನಿಯನ್ನೂ ಕದಿಯದೆ ಬಿಟ್ಟವನಲ್ಲ ನಾನು. ಕನ್ನಡಿ ಮುಂದೆ ನಿಂತು ನನ್ನನ್ನೇ ಅಣಕಿಸಲು ಹೋದಾಗ ಮಾತ್ರ ಏನೂ ಸಿಗಲಿಲ್ಲ. ಅದನ್ನೂ ತಮಾಷೆ ಅಂದುಕೊಂಡೆ.

ಒಂದು ದಿನ ಮೇಷ್ಟ್ರು ಬರುವುದು ತಡವಾಯಿತು. ನಾನೆದ್ದು, ಎರಡು ಸಲ ಕುಟ್ಟಿ, ಅವರ ದನಿಯಲ್ಲೇ ಅವರ ದಿನದ ಪಾಠ ಶುರುಮಾಡಿದೆ: "ಎಲ್ಲಿದ್ದೀಯ ಹೇಳು, ಯಾವ ನಿಯಮದಲ್ಲಿ ಸಾಗ್ತೀಯ ಹೇಳು. ದಾರಿ ಇದ್ದೇ ಇದೆ, ಒಂದೇ ಇದೆ ಕಣಯ್ಯಾ."

ಒಳಗಿಂದ ಅವರ ಹೆಂಡತಿ, "ಬಂದ್ಬುಟ್ರಾ? ಕಾಫಿ ತರ್ತೀನಿ ಇರಿ," ಅಂದರು. ಎಲ್ಲರೂ ನಕ್ಕರು. ನಗು ತಟ್ಟನೆ ನಿಂತಿತು. ಮೇಷ್ಟ್ರು ಬಾಗಿಲಲ್ಲಿದ್ದರು.

ಬೈಯಲಿಲ್ಲ. ಬೋರ್ಡಿನ ಮೇಲೆ ಎರಡು ಗೆರೆ ಎಳೆದು ಒಂದು ಕಡೆ ತಾಗಿಸಿದರು. "ಇದು ಸುಳ್ಳು ಚಿತ್ರ. ಒಂದೇ ಡಿಫರೆನ್ಷಿಯಲ್ ಈಕ್ವೇಷನ್ನಿನ, ಅಂದ್ರೆ ಒಂದೇ ನಿಯಮದಲ್ಲಿ ಸಾಗೋ, ಎರಡು ಪರಿಹಾರ ಒಂದು ಬಿಂದುವಲ್ಲಿ ಸೇರಿದ್ರೆ, ಅವು ಎರಡಲ್ಲ. ಮುಂದಕ್ಕೂ ಒಂದೇ, ಹಿಂದಕ್ಕೂ ಒಂದೇ. ಹುಷಾರು ಕಣೋ."

"ಯಾವಾಗ್ಲೂನಾ ಸಾರ್?" ಅಂದೆ.

"ನಿಯಮ ನೆಟ್ಟಗಿದ್ರೆ. ಅಕ್ಕಪಕ್ಕದ ಬಿಂದುಗಳಲ್ಲೇ ದಿಕ್ಕು ಏಕಾಏಕಿ ಬದಲಾಗೋ ಹಾಗಿದ್ರೆ ಹೇಳಕ್ಕಾಗಲ್ಲ."

ನನ್ನಲ್ಲಿ ನೆಟ್ಟಗಿರುವುದು ಏನಿದೆ ಅಂತ ಧೈರ್ಯವಾಗಿದ್ದೆ.

ಮೇಷ್ಟ್ರು ತೀರಿಕೊಂಡು ಎರಡು ವರ್ಷ. ಈಗ ನಾನು ಅಣಕಿಸದಿದ್ದರೂ ಅದೇ ದನಿ ಬರುತ್ತದೆ. ನನ್ನ ಸ್ವಂತ ದನಿ ಹೇಗಿತ್ತು ಅಂತ ಗೊತ್ತಾದರೆ ಅದನ್ನೇ ಅಣಕಿಸಿಕೊಂಡಾದರೂ ಬದುಕಬಹುದು, ಅಲ್ಲವೇ? ಅದಕ್ಕೇ ಮಧ್ಯಾಹ್ನ ಅಮ್ಮನನ್ನು ಕೇಳಿದೆ.

"ನೀನು ಮೊದ್ಲಿಂದ್ಲೂ ಹಿಂಗೇ ಕಣೋ," ಅಂದಳು.

ನಂಬದೆ, ಎರಡನೇ ಕ್ಲಾಸಿನ ಸ್ಕೂಲ್‌ಡೇ ಸಿ.ಡಿ. ಹುಡುಕಿ ಹಾಕಿದೆ. ಮೇಷ್ಟ್ರ ಹೊಸ್ತಿಲು ತುಳಿಯುವುದಕ್ಕೆ ಹತ್ತು ಹನ್ನೊಂದು ವರ್ಷ ಮೊದಲಿನದು. ಚಡ್ಡಿ ಹಾಕಿದ ನಾನು ಕೋಳಿಯ ಹಾಗೆ ಕೂಗಲು ಸ್ಟೇಜಿಗೆ ಬರುತ್ತೇನೆ. ಮೈಕಿಗೆ ಕುಟ್ಟುತ್ತೇನೆ. ಟಕ್, ಟಕ್. ಮೈಕು ಸರಿಮಾಡುತ್ತಿದ್ದವರಿಗೆ, "ಇರು ಕಣಯ್ಯಾ," ಅನ್ನುತ್ತೇನೆ. ಏಳು ವರ್ಷದ ಗಂಟಲು, ಮೇಷ್ಟ್ರ ದನಿ. ಹಿಂದಕ್ಕೂ ಒಂದೇ. ಹಾಗಾದರೆ ಅಗ್ರಹಾರದಲ್ಲಿ ಯಾರು ಯಾರನ್ನು ಅಣಕಿಸುತ್ತಿದ್ದರು?

ಈಗ ಸಂಜೆಯ ಕ್ಲಾಸಿಗೆ ಹೊರಟಿದ್ದೇನೆ. ಚಾಕ್‌ಪೀಸ್ ಮುಟ್ಟುವುದಿಲ್ಲ, ಬಾಯಲ್ಲೇ ಪಾಠ ಅಂತ ತೀರ್ಮಾನಿಸಿದ್ದೇನೆ. "ಕಾಫಿ ಕುಡ್ಕೊಂಡು ಹೋಗೋ," ಅಂತ ಅಮ್ಮ ಒಳಗಿಂದ ಕೂಗಿದಳು. ನಾನು ಚಪ್ಪಲಿ ಮೆಟ್ಟಿದೆ. ಬೆರಳು ತಾನಾಗಿಯೇ ಬಾಗಿಲಿಗೆ ಕುಟ್ಟಿತು, ಎರಡೇ ಸಲ.