ತಂಗಿಯ ಮಾತಿಗೆ ಬೇಕಾದ ಜಾಗ

ನನ್ನ ಹಿಂದಿನ ಫೋನು ಕೊಂಡಾಗ ಅಂಗಡಿಯವರು ಏನಕ್ಕೆ ಬಳಸ್ತೀರಿ ಅಂತ ಕೇಳಿದ್ದರು. ಮಾತಾಡೋಕೆ, ವಾಟ್ಸ್ಯಾಪಿಗೆ ಅಂದೆ. ಹಾಗಾದರೆ ಮೂವತ್ತೆರಡು ಜಿಬಿ ಧಾರಾಳವಾಯ್ತು, ಐದು ವರ್ಷ ಯೋಚನೆ ಮಾಡಬೇಡಿ ಅಂದರು. ನಾನೂ ನಂಬಿದೆ. ನನ್ನ ತಂಗಿಗೆ ಕಿವಿ ಕೇಳಿಸುವುದಿಲ್ಲ, ಮಾತು ಬರುವುದಿಲ್ಲ ಎಂದು ಅವರಿಗೆ ಹೇಳಬೇಕೆಂದು ನನಗೆ ಹೊಳೆಯಲಿಲ್ಲ.

ಅವಳು ಕಾಮಾಕ್ಷಿಪಾಳ್ಯದ ಒಂದು ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುತ್ತಾಳೆ. ನಾನು ರಾಜಾಜಿನಗರದ ಕಾಲೇಜೊಂದರ ಆಫೀಸಿನಲ್ಲಿ ಗುಮಾಸ್ತೆ. ತಂಗಿ ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳಾದ್ದರಿಂದ ತನ್ನ ಹೆಸರು, ಬಸ್ಸಿನ ನಂಬರು ಬಿಟ್ಟರೆ ಓದು ಬರಹ ಅವಳಿಗೆ ಒಲಿಯಲಿಲ್ಲ. ನಮ್ಮದೆಲ್ಲ ಸನ್ನೆ. ಚಿಕ್ಕಂದಿನಲ್ಲಿ ನಾವೇ ಮಾಡಿಕೊಂಡದ್ದು ಕೆಲವು, ಆಮೇಲೆ ಅವಳ ಗೆಳತಿಯರಿಂದ ಬಂದದ್ದು ಕೆಲವು. ಅವಳ ಕೈಗೆ ಫೋನು ಬಂದ ಮೇಲೆ ಊಟದ ಹೊತ್ತಿನಲ್ಲಿ ಅದನ್ನು ಟಿಫನ್ ಡಬ್ಬಿಗೆ ಒರಗಿಸಿಟ್ಟು, ಎರಡೂ ಕೈಯಲ್ಲಿ ನನಗೆ ಆ ದಿನದ ಸುದ್ದಿ ಹೇಳಿ ಕಳಿಸತೊಡಗಿದಳು. ಯಾರು ರಜೆ, ಯಾವ ಮೆಷೀನು ಕೆಟ್ಟಿತು, ಮಧ್ಯಾಹ್ನದ ಸಾರಿಗೆ ಯಾರು ಉಪ್ಪು ಹಾಕಲಿಲ್ಲ, ಇಂಥವೇ. ಬೇರೆಯವರ ಮನೆಯಲ್ಲಿ ಗಾಳಿಗೆ ಹೋಗುವ ಮಾತು ನಮ್ಮಲ್ಲಿ ಫೋನಿನೊಳಗೆ ಉಳಿಯುತ್ತಿತ್ತು.

ಎರಡು ವರ್ಷಕ್ಕೆ ಜಾಗ ಮುಗಿಯಿತು. ಫೋನು ತನ್ನ ಸಾಫ್ಟ್‌ವೇರಿಗೇ ಒಂದಷ್ಟು ತಿಂದಿತ್ತು, ಅಪ್‌ಡೇಟ್ ಬಂದಾಗಲೆಲ್ಲ ಇನ್ನಷ್ಟು ತಿನ್ನುತ್ತಿತ್ತು. ನೆಂಟರ ಗುಡ್ ಮಾರ್ನಿಂಗ್ ಹೂವುಗಳನ್ನು ಅಳಿಸಿದೆ. ಬಳಸದ ಆ್ಯಪ್‌ಗಳನ್ನು ತೆಗೆದೆ. ಮದುವೆ, ಗೃಹಪ್ರವೇಶದ ಫೋಟೋಗಳನ್ನೂ ತೆಗೆದೆ. ತಂಗಿಯ ವಿಡಿಯೋಗಳಿಗೆ ಮಾತ್ರ ಕೈ ಹಚ್ಚಲಿಲ್ಲ. ಯಾಕೆಂದು ಆಗ ಯೋಚಿಸಿರಲಿಲ್ಲ.

ಕಾಲೇಜಿನಲ್ಲಿ ಅಡ್ಮಿಷನ್ ನಡೆಯುತ್ತಿದ್ದ ದಿನಗಳಲ್ಲಿ ಒಂದು ಮಧ್ಯಾಹ್ನ ಅವಳಿಂದ ಎರಡು ಸಲ ವಿಡಿಯೋ ಕಾಲ್ ಬಂತು. ಕೌಂಟರಿನ ಮುಂದೆ ಸಾಲಿತ್ತು, ಕಟ್ ಮಾಡಿದೆ. ಹಿಂದೆಯೇ ಒಂದು ವಿಡಿಯೋ ಬಂತು. ಒತ್ತಿದರೆ ಜಾಗವಿಲ್ಲ ಎಂದು ಬಂತು. ಮಸುಕಾದ ಚೌಕದಲ್ಲಿ ಅವಳ ಮುಖದ ಗುರುತಷ್ಟೇ ಕಾಣುತ್ತಿತ್ತು. ಊಟದ ಹೊತ್ತಿನ ಮಾತೇ ಇರಬೇಕು, ಸಂಜೆ ನೋಡೋಣ ಅಂದುಕೊಂಡೆ. ಇನ್ನೂ ಎರಡು ಬಂದವು. ಅವೂ ತೆರೆಯಲಿಲ್ಲ.

ಐದು ಗಂಟೆಗೆ ಬಸ್ ಸ್ಟಾಪಿನಲ್ಲಿ ನಿಂತು ಮೊದಲ ವರ್ಷದ ಅವಳ ವಿಡಿಯೋಗಳನ್ನೆಲ್ಲ ಒಟ್ಟಿಗೆ ಅಳಿಸಿದೆ. ಅಳಿಸಲು ಬೇರೆ ಏನೂ ಉಳಿದಿರಲಿಲ್ಲ. ಆಮೇಲೆ ಹೊಸದು ತೆರೆಯಿತು. ಅವಳು ಎಡಗೈ ಒಂದರಲ್ಲೇ ಮಾತಾಡುತ್ತಿದ್ದಳು. ಬಲಗೈಯ ತೋರುಬೆರಳಿಗೆ ಮೆಷೀನಿನ ಸೂಜಿ ಹೊಕ್ಕು ಒಳಗೇ ಮುರಿದಿತ್ತು. ಫ್ಯಾಕ್ಟರಿ ಪಕ್ಕದ ಆಸ್ಪತ್ರೆಯಲ್ಲಿ ಕೂರಿಸಿದ್ದಾರೆ, ಇವರು ಏನು ಹೇಳುತ್ತಿದ್ದಾರೋ ಗೊತ್ತಾಗುತ್ತಿಲ್ಲ, ನೀನು ಬರುವವರೆಗೆ ಕೈ ಮುಟ್ಟಲು ಬಿಡುವುದಿಲ್ಲ ಎನ್ನುತ್ತಿದ್ದಳು. ಉಳಿದೆರಡರಲ್ಲೂ ಅದೇ ಇತ್ತು, ಸನ್ನೆ ಮಾತ್ರ ಚಿಕ್ಕದಾಗುತ್ತ ಹೋಗಿತ್ತು.

ಆಟೋ ಹಿಡಿದು ಹೋದೆ. ಫ್ಯಾಕ್ಟರಿಯಿಂದ ಅವಳ ಜೊತೆಗೆ ಬಂದಿದ್ದ ಹೆಂಗಸು ಕೆಲಸಕ್ಕೆ ವಾಪಸಾಗಿದ್ದಳು. ತಂಗಿ ಬೆಂಚಿನ ತುದಿಯಲ್ಲಿ ಕೈಯನ್ನು ಎದೆಗೊತ್ತಿಕೊಂಡು ಕೂತಿದ್ದಳು. ಮಧ್ಯಾಹ್ನದಿಂದಲೂ ಹತ್ತಿರ ಹೋದರೆ ತಳ್ಳುತ್ತಾಳೆ ಎಂದು ನರ್ಸ್ ಹೇಳಿದರು. ನನ್ನನ್ನು ಕಂಡು ಮುಖ ತಿರುಗಿಸಿದಳು. ನಮ್ಮಿಬ್ಬರಲ್ಲಿ ಮುಖ ತಿರುಗಿಸಿದರೆ ಮಾತು ಅಲ್ಲಿಗೆ ನಿಂತಂತೆ, ಕೂಗಿ ಕರೆಯಲು ದಾರಿಯಿಲ್ಲ. ಅವಳು ತಿರುಗುವ ತನಕ ಕಾದೆ. ಆಮೇಲೆ ಡಾಕ್ಟರು ಹೇಳಿದ್ದನ್ನು ಅವಳಿಗೆ, ಅವಳು ಕೇಳಿದ್ದನ್ನು ಡಾಕ್ಟರಿಗೆ ಹೇಳಿದೆ. ಸೂಜಿಯ ಚೂರು ತೆಗೆಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

ಮುಂದಿನ ವಾರ ಹೊಸ ಫೋನಿಗೆ ಹೋದೆ, ಬೇರೆ ಅಂಗಡಿಗೆ. ಏನಕ್ಕೆ ಎಂದು ಅಲ್ಲಿಯೂ ಕೇಳಿದರು.

"ತಂಗಿ ಜೊತೆ ಮಾತಾಡೋಕೆ. ಇನ್ನೂರೈವತ್ತಾರು ಜಿಬಿದು ಕೊಡಿ."

"ಬರೀ ಮಾತಿಗೆ ಅಷ್ಟು ಯಾಕೆ ಮೇಡಂ?"

ಈ ಸಲ ವಿವರಿಸಿ ಹೇಳಿದೆ. ಅವರು ತೆಗೆದುಕೊಟ್ಟರು.

ಭಾನುವಾರ ಹೇರೋಹಳ್ಳಿಯ ಅವಳ ಮನೆಗೆ ಹೋಗಿ ತೋರಿಸಿದೆ. ಬೆರಳಿಗೆ ಇನ್ನೂ ಪಟ್ಟಿ ಇತ್ತು. ಇನ್ನು ನಿನ್ನದೇನೂ ಅಳಿಸಬೇಕಾಗಿಲ್ಲ ಅಂದೆ. ಮೊದಲ ವರ್ಷದ್ದು ಅಳಿಸಿದ್ದನ್ನೂ ಹೇಳಿ ಕ್ಷಮೆ ಕೇಳಿದೆ. ಅವಳಿಗೆ ಅರ್ಥವಾಗಲಿಲ್ಲ. ಇಟ್ಟುಕೊಂಡಿದ್ದು ಯಾಕೆ ಅಂತ ಕೇಳಿದಳು. ಕಳೆದ ವರ್ಷ ಸಾರಿಗೆ ಉಪ್ಪು ಕಮ್ಮಿಯಾಗಿದ್ದು ಈಗ ಯಾರಿಗೆ ಬೇಕು ಅಂದಳು. ಆಮೇಲೆ ಮತ್ತೆ ಕೈ ಎತ್ತಿದಳು.

"ಆಫೀಸಲ್ಲಿ ನೀನು ಆಡಿದ ಮಾತೆಲ್ಲ ಎಲ್ಲಿಟ್ಟಿದ್ದೀಯ? ನಂದೂ ಮಾತೇ ಅಕ್ಕ. ಹೇಳಿದಾಗ ನೋಡಿದ್ರೆ ಸಾಕು."

ಫೋನು ಇಸಿದುಕೊಂಡು, ಗೆಳತಿ ಕಲಿಸಿದ್ದ ಪ್ರಕಾರ ಎಲ್ಲೋ ಒತ್ತಿದಳು. ಅವಳು ಕಳಿಸಿದ್ದು ಏಳು ದಿನಕ್ಕೆ ತಾನಾಗಿಯೇ ಅಳಿಸಿಹೋಗುವ ಹಾಗೆ ಮಾಡಿ ವಾಪಸ್ ಕೊಟ್ಟಳು.

ನನಗೆ ಅದು ಹಿಡಿಸಲಿಲ್ಲ, ಆದರೆ ಬದಲಾಯಿಸಲೂ ಇಲ್ಲ. ಎರಡು ವರ್ಷವಾಯಿತು. ಫೋನಿನಲ್ಲಿ ಕಾಲು ಭಾಗವೂ ತುಂಬಿಲ್ಲ. ಅವಳ ವಿಡಿಯೋ ಬಂದರೆ ಕೌಂಟರಿನ ಮುಂದೆ ಸಾಲಿದ್ದರೂ ಒಂದು ನಿಮಿಷ ಅಂತ ಹೇಳಿ ಎದ್ದು ಹೋಗಿ ನೋಡಿ ಬರುತ್ತೇನೆ. ಸಾಲಿನವರು ಗೊಣಗುತ್ತಾರೆ.