ಕಾಂತಿಯಕ್ಕ ಟೈಪ್ ಮಾಡಿದ ಸಾಕ್ಷಿಗಳು

ಸ್ಕೂಟರ್ ಕದ್ದವರು ನೋಣಯ್ಯ ಎಂದು ಪೊಲೀಸರಿಗೆ ಹೇಳಿದ್ದು ನಾನೇ. ಅದು ತಪ್ಪಾಗಿದ್ದರೆ? ಮೂರು ದಿನದಿಂದ ಇದೇ ಯೋಚನೆ. ಮಗಳು ಪ್ರಾಪ್ತಿಗೆ ಕೆಮ್ಮಿನ ಸಿರಪ್ ಕೊಟ್ಟದ್ದೂ ಮರೆತು ಮತ್ತೆ ಕೊಡಲು ಹೊರಟಿದ್ದೆ.

ಪಾಣೆಮಂಗಳೂರಿನ ಮೆಡಿಕಲ್ ಅಂಗಡಿಯ ಶಮ್ನಾಳ ಸ್ಕೂಟರನ್ನು ಖಾಕಿ ಅಂಗಿಯವನೊಬ್ಬ ಹತ್ತಿ ಹೋದದ್ದನ್ನು ಕಂಡಿದ್ದೆ. ಆಗ ನನ್ನ ಸೊಂಟದ ಮೇಲೆ ಅಳುವ ಮಗು. ಯಾರೆಂದು ಪೊಲೀಸರು ಕೇಳಿದಾಗ ಎದುರಿನ ರಿಕ್ಷಾ ಪಾರ್ಕಿನ ಡ್ರೈವರ್ ನೋಣಯ್ಯನವರ ಮುಖವೇ ಕಣ್ಣಿಗೆ ಬಂತು, ಹೇಳಿಬಿಟ್ಟೆ. ನಾಳೆ ಬೆಳಿಗ್ಗೆ ಅವರು ವಿಚಾರಣೆಗೆ ಠಾಣೆಗೆ ಹೋಗಬೇಕು.

ತಡೆಯಲಾಗದೆ ಪಕ್ಕದ ಮನೆಯ ಕಾಂತಿಯಕ್ಕನ ಹತ್ತಿರ ಹೋದೆ. ಅಳದಂಗಡಿಯವರಾದ ಅವರು ಮೂವತ್ತೊಂದು ವರ್ಷ ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದವರು. ಸಾಕ್ಷಿ ತುಳುವಿನಲ್ಲಿ ಹೇಳಿದ್ದನ್ನು ಜಡ್ಜರು ಕನ್ನಡದಲ್ಲಿ ಬರೆಸುವಾಗ ಇವರ ಬೆರಳು ಯಂತ್ರದ ಮೇಲೆ, ಕಣ್ಣು ಸಾಕ್ಷಿಯ ಮೇಲೆ. ಒಮ್ಮೆ ಒಬ್ಬ ಸಾಕ್ಷಿ ಕಳ್ಳನ ಮೀಸೆಯನ್ನು ಚೆಂದವಾಗಿ ಬಣ್ಣಿಸಿ, ಆಮೇಲೆ ಕಳ್ಳ ಕಣ್ಣು ಮಾತ್ರ ಕಾಣುವ ಹಾಗೆ ಮುಖಕ್ಕೆ ಬೈರಾಸಿನ ಬಟ್ಟೆ ಸುತ್ತಿದ್ದ ಎಂದನಂತೆ. ಕಾಂತಿಯಕ್ಕ ನಕ್ಕು ಜಡ್ಜರಿಂದ ಬೈಸಿಕೊಂಡರಂತೆ. ಆ ಸಾಕ್ಷಿ ಸುಳ್ಳುಗಾರ ಅಲ್ಲ, ಪಾಪ, ಅವನಿಗೆ ನಿಜಕ್ಕೂ ಮೀಸೆ ಕಂಡಿತ್ತು ಎನ್ನುತ್ತಾರೆ ಈಗಲೂ.

ನನ್ನ ಕತೆ ಕೇಳಿ ಅವರು ಗಾಬರಿಯಾಗಲಿಲ್ಲ. ಪ್ರಾಪ್ತಿಯ ಕೈಗೆ ಬಿಸ್ಕತ್ತು ಕೊಟ್ಟು, ನನಗೆ ಕಣ್ಣು ಮುಚ್ಚಲು ಹೇಳಿದರು.

"ನನ್ನ ಕಿವಿಯಲ್ಲಿ ಏನುಂಟು ಸುಪ್ರೀತಾ?"

"ಕೆಂಪು ಕಲ್ಲಿನ ಬೆಂಡೋಲೆ."

"ಖಂಡಿತವಾ?"

"ಖಂಡಿತ ಅಕ್ಕ. ಈಗಷ್ಟೇ ನೋಡಿದೆ."

ಕಣ್ಣು ಬಿಟ್ಟರೆ ಬರಿಯ ಕಿವಿ. ಓಲೆ ರಿಪೇರಿಗೆ ಕೊಟ್ಟು ವಾರವಾಯಿತಂತೆ.

"ಮೈಸೂರಿನಲ್ಲಿ ಇಷ್ಟು ಓದಿ ಬಂದದ್ದು ಇದಕ್ಕಾ ಮಾರಾಯ್ತಿ?" ಎಂದು ನಕ್ಕರು. ದಿನಾ ನೋಡಿದ್ದನ್ನು ಮನಸ್ಸು ಖಾಲಿ ಜಾಗಕ್ಕೆ ತಂದು ತುಂಬಿಸುತ್ತದೆ, ನಮಗೆ ಹೇಳಿ ಮಾಡುವುದಿಲ್ಲ ಎಂದರು. ನಾನು ದಿನಾ ನೋಡುವ ಖಾಕಿ ಅಂಗಿ ಯಾರದ್ದು? ನೋಣಯ್ಯನವರದ್ದೇ.

ಮಾತು ಬದಲಿಸಿದರೆ ನನ್ನ ಮೇಲೆಯೇ ಕೇಸ್ ಹಾಕಿಯಾರು, ಮಗುವನ್ನು ಯಾರು ನೋಡಿಕೊಳ್ಳುವುದು ಎಂದು ಅಳುಕಿದೆ.

"ಸುಳ್ಳು ಹೇಳುವವರಿಗೆ ನಾನು ಹೆದರಲಿಲ್ಲ. ವಕೀಲರು ಅವರನ್ನು ನೋಡಿಕೊಳ್ತಾರೆ. ನಿನ್ನ ಹಾಗೆ ಖಂಡಿತ ಅನ್ನುವ ಒಳ್ಳೆಯವರಿದ್ದಾರಲ್ಲ, ಅವರ ಮಾತು ಟೈಪ್ ಮಾಡುವಾಗಲೇ ನನಗೆ ಹೆದರಿಕೆ ಆಗುತ್ತಿದ್ದದ್ದು. ಗೊತ್ತಿಲ್ಲ ಅಂತ ಹೇಳಿದರೆ ಯಾರೂ ಹಿಡಿದು ಹಾಕುವುದಿಲ್ಲ. ನಾಳೆಯವರೆಗೆ ಕಾಯಬೇಡ."

ಪ್ರಾಪ್ತಿಯನ್ನು ಅವರ ಮಡಿಲಿಗೆ ಕೊಟ್ಟು ಜಗಲಿಗೆ ಬಂದೆ. ಎರಡು ಸಲ ನಂಬರ್ ಒತ್ತಿ ಕಟ್ ಮಾಡಿದೆ. ಮೂರನೆಯ ಸಲ ಎಸ್‌ಐ ಅವರೇ ಎತ್ತಿದರು.

"ಸರ್, ನಾನು ಸುಪ್ರೀತಾ, ಸ್ಕೂಟರ್ ಕೇಸಿನವಳು. ನಾನು ಅವನ ಮುಖ ನೋಡಿಯೇ ಇಲ್ಲ."